ಇಪ್ಪತ್ತನೇ ನಿಮಿಷದ ಮನೆ

ನಮ್ಮ ಊರಿನಲ್ಲಿ ಬೆಳಗಿನ ಗಂಟೆಯ ಸದ್ದು ಮನೆಯೊಳಕ್ಕೆ ಬಂದು ಮುಟ್ಟುವವರೆಗೆ ಆ ಮನೆಯ ಬಾಗಿಲು ತೆರೆಯುವುದಿಲ್ಲ. ಏಳಕ್ಕೆ ಸರಿಯಾಗಿ ಪುರಸಭೆಯ ಗೋಪುರದಲ್ಲಿ ಗಂಟೆ ಹೊಡೆಯುತ್ತಾರೆ. ಹೊಡೆಯುವವನು ಅಲ್ಲೇ ಮಲಗುತ್ತಾನೆ. ಸದ್ದು ಕೆಲವು ಮನೆಗಳಿಗೆ ಎರಡು ನಿಮಿಷದಲ್ಲಿ ಮುಟ್ಟುತ್ತದೆ, ಕೆಲವಕ್ಕೆ ಹದಿನೈದು, ಕೆಲವಕ್ಕೆ ಇನ್ನೂ ಹೆಚ್ಚು. ದೂರಕ್ಕೂ ಇದಕ್ಕೂ ಸಂಬಂಧವಿಲ್ಲ. ಗೋಪುರದ ನೆರಳು ಬೀಳುವ ಮನೆಗೆ ಅರ್ಧ ಗಂಟೆ ಹಿಡಿಯಬಹುದು, ಊರಾಚೆಯ ಮನೆಗೆ ಐದು ನಿಮಿಷ ಸಾಕಾಗಬಹುದು. ಸದ್ದು ಒಳಗೆ ಕೇಳಿಸಿದ ಕೂಡಲೇ ಚಿಲಕ ಸಡಿಲವಾಗುತ್ತದೆ, ಜನ ಹೊರಗೆ ಬರುತ್ತಾರೆ. ರಾತ್ರಿ ಬಾಗಿಲಿಗೆ ಕಲ್ಲು ಅಡ್ಡವಿಟ್ಟು ತೆರೆದೇ ಬಿಟ್ಟವರಿದ್ದಾರೆ. ಬೆಳಗಾಗುವಷ್ಟರಲ್ಲಿ ಕಲ್ಲು ಅಂಗಳದಲ್ಲಿರುತ್ತದೆ, ಬಾಗಿಲು ಹಾಕಿರುತ್ತದೆ. ಈಗ ಯಾರೂ ಆ ಕೆಲಸಕ್ಕೆ ಹೋಗುವುದಿಲ್ಲ. ಹಾಲಿನವನು ಕಿಟಕಿಯ ಸರಳಿನ ನಡುವೆ ಉದ್ದ ಮೂತಿಯ ಕೊಳವೆ ತೂರಿಸಿ ಹಾಲು ಹಾಕುತ್ತಾನೆ. ಇಸ್ತ್ರಿಯವನು ಬಟ್ಟೆಯನ್ನು ಸುರುಳಿ ಸುತ್ತಿ ತಳ್ಳುತ್ತಾನೆ. ಬಸುರಿಯರನ್ನು ತಿಂಗಳು ತುಂಬುವ ಮೊದಲೇ ಆಸ್ಪತ್ರೆಯ ಪಕ್ಕದ ಛತ್ರಕ್ಕೆ ಸೇರಿಸುತ್ತಾರೆ. ಹೀಗೆ ಎಲ್ಲಕ್ಕೂ ಒಂದು ದಾರಿ ಆಗಿದೆ.

ನಾನು ಇಲ್ಲಿನ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷದಿಂದ ಗಣಿತದ ಟೀಚರು. ಹೆಸರು ವಾರಿಜಾ. ನನ್ನ ಮನೆಗೆ ಮೂರು ನಿಮಿಷ. ಮದುವೆಯಾಗಿ ಈ ಮನೆಗೆ ಬಂದ ದಿನದಿಂದಲೂ ಮೂರೇ ನಿಮಿಷ. ಹಾಗಾಗಿ ಬಾಗಿಲಿನ ಬಗ್ಗೆ ನಾನು ಯೋಚನೆ ಮಾಡಿದವಳೇ ಅಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಎಷ್ಟೋ ವರ್ಷಗಳ ಹಿಂದೆ ಪುರಸಭೆಯವರು ಅಳತೆ ಮಾಡಿಸಿ, ಊರಿನ ಬಾಗಿಲುಗಳು ತೆರೆಯಲು ಹಿಡಿಯುವ ಸರಾಸರಿ ಹೊತ್ತು ಇಪ್ಪತ್ತು ನಿಮಿಷ ಎಂದು ಗೋಪುರದ ಕೆಳಗಿನ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಊರಿನ ಎಲ್ಲ ಕಚೇರಿಗಳೂ ಆ ಕಲ್ಲನ್ನು ನೋಡಿಯೇ ಹೊತ್ತು ಗೊತ್ತುಮಾಡುವುದು. ನಮ್ಮ ಶಾಲೆಯ ಲೆಕ್ಕವೂ ಅದೇ. ಏಳೂ ಇಪ್ಪತ್ತಕ್ಕೆ ಬಾಗಿಲು ತೆರೆದರೆ, ಊರಿನ ಯಾವ ಮೂಲೆಯಿಂದ ನಡೆದರೂ ಇಪ್ಪತ್ತೈದು ನಿಮಿಷ, ಮೇಲೆ ಹದಿನೈದು ನಿಮಿಷ ರಿಯಾಯಿತಿ. ಎಂಟಕ್ಕೆ ಗೇಟು. ಎಂಟಾದ ಮೇಲೆ ಬಂದವರನ್ನು ಒಳಗೆ ಬಿಡುತ್ತೇವೆ, ಆದರೆ ಹಾಜರಿ ಪುಸ್ತಕದಲ್ಲಿ ಕೆಂಪು ಇಂಕಿನಲ್ಲಿ 'ತಡ' ಎಂದು ಬರೆಯುತ್ತೇವೆ. ಮೂರು ತಡಕ್ಕೆ ಒಂದು ಗೈರುಹಾಜರಿ. ಹಾಜರಿ ನೂರಕ್ಕೆ ಎಪ್ಪತ್ತೈದು ಇಲ್ಲದಿದ್ದರೆ ಹತ್ತನೇ ತರಗತಿಯ ಪರೀಕ್ಷೆಗೆ ಹಾಲ್ ಟಿಕೆಟ್ ಇಲ್ಲ.

ಹೋದ ವರ್ಷ ನನ್ನ ಹತ್ತನೇ ತರಗತಿಯಲ್ಲಿ ಮೂವತ್ತನಾಲ್ಕು ಮಕ್ಕಳಿದ್ದರು. ಮೊದಲ ಪಿರಿಯಡ್ಡು ನನ್ನದು, ಹಾಜರಿಯೂ ನನ್ನದು. ಕಸ್ತೂರಿ ಎಂಬ ಹುಡುಗಿ ಜೂನ್ ತಿಂಗಳಿನಿಂದಲೂ ದಿನಾ ಎಂಟೂ ಎಂಟು, ಎಂಟೂ ಹತ್ತಕ್ಕೆ ಬರುತ್ತಿದ್ದಳು. ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಲ್ಲುವಳು.

"ಯಾಕಮ್ಮ ತಡ?"

"ಎದ್ದೇಳದು ಲೇಟಾಯ್ತು ಟೀಚರ್."

ಇದೇ ಪ್ರಶ್ನೆ, ಇದೇ ಉತ್ತರ. ಮೊದಮೊದಲು ಬೈದೆ. ಆಮೇಲೆ ಬೈಯುವುದನ್ನೂ ಬಿಟ್ಟೆ. ಅವಳು ಬಾಗಿಲಿಗೆ ಬಂದ ಸದ್ದಾದರೆ ತಲೆ ಎತ್ತದೆಯೇ ಕೆಂಪು ಪೆನ್ನು ತೆಗೆಯುತ್ತಿದ್ದೆ. ಜನವರಿಯಲ್ಲಿ ಕೂಡಿಸಿ ನೋಡಿದಾಗ ಶಾಲೆ ನಡೆದದ್ದು ನೂರಾ ಎಂಬತ್ತು ದಿನ, ಗೇಟು ಒಂಬತ್ತಕ್ಕೆ ಹಾಕುವ ಮೂವತ್ತು ಶನಿವಾರ ಬಿಟ್ಟು ಅವಳ ತಡ ನೂರಾ ಐವತ್ತು. ಅಂದರೆ ಐವತ್ತು ಗೈರುಹಾಜರಿ. ಒಂದು ದಿನವೂ ಶಾಲೆ ತಪ್ಪಿಸದ ಹುಡುಗಿಯ ಹಾಜರಿ ನೂರಕ್ಕೆ ಎಪ್ಪತ್ತೆರಡು. ಲೆಕ್ಕ ಸರಿಯಾಗಿದೆಯೇ ಎಂದು ಎರಡು ಸಲ ನೋಡಿದೆ. ಸರಿಯಾಗಿತ್ತು. ಹೆಡ್‌ಮಾಸ್ಟರಿಗೆ ಕೊಡಬೇಕಾದ ಪಟ್ಟಿಯಲ್ಲಿ ಅವಳ ಹೆಸರು ಬರೆದೆ. ಪಟ್ಟಿ ಪರೀಕ್ಷಾ ಮಂಡಳಿಗೆ ಹೋಗಲು ಇನ್ನೂ ಒಂದು ತಿಂಗಳಿತ್ತು.

ಅದೇ ವಾರ ಸಂಖ್ಯಾಶಾಸ್ತ್ರದ ಪುನರಾವರ್ತನೆ ಶುರುಮಾಡಿದೆ. ಸರಾಸರಿ, ಮಧ್ಯಾಂಕ, ಬಹುಲಕ, ವ್ಯಾಪ್ತಿ, ಸ್ತಂಭಾಲೇಖ. ಕೆಳಗಿನ ತರಗತಿಗಳಿಂದ ಓದಿಕೊಂಡು ಬಂದದ್ದೇ. ಆದರೂ ಕೇಳಿದರೆ ಒಬ್ಬರೂ ಬಾಯಿ ಬಿಡುವುದಿಲ್ಲ. ಪುಸ್ತಕದಲ್ಲಿರುವ ಬಲ್ಬುಗಳ ಆಯಸ್ಸು, ಕಾರ್ಮಿಕರ ಕೂಲಿ ಯಾರಿಗೂ ಬೇಡವಾಗಿತ್ತು. "ನೀವೇ ಏನಾದರೂ ಅಳೆದು ತನ್ನಿ, ಅದರ ಮೇಲೇ ಲೆಕ್ಕ ಮಾಡೋಣ" ಎಂದೆ. ಏನನ್ನು ಅಳೆಯುವುದು? ಒಬ್ಬ ಚಪ್ಪಲಿ ಅಳತೆ ಎಂದ. ಇನ್ನೊಬ್ಬ ಬಿದ್ದ ಹಲ್ಲಿನ ಲೆಕ್ಕ ಎಂದ. ಆಗ ಮುಂದಿನ ಬೆಂಚಿನ ಜಬೀನಾ, ಯಾವಾಗಲೂ ಕೈ ಎತ್ತಿಯೇ ಮಾತಾಡುವ ಹುಡುಗಿ, ಕೈ ಎತ್ತಿದಳು.

"ಬಾಗಿಲು ತೆಗಿಯೋ ಟೈಮು ಅಳೀಬೋದಲ್ಲ ಟೀಚರ್?"

ಕೆಲವರು ಪುಸ್ತಕ ತೆರೆದು ತಲೆ ತಗ್ಗಿಸಿದರು. ನಮ್ಮ ಊರಿನಲ್ಲಿ ಒಬ್ಬರ ಬಾಗಿಲಿನ ಹೊತ್ತನ್ನು ಇನ್ನೊಬ್ಬರು ಕೇಳುವುದಿಲ್ಲ. ಅಕ್ಕಪಕ್ಕದವರಿಗೆ ಗೊತ್ತಿರುತ್ತದೆ, ಗೊತ್ತಿಲ್ಲದವರಂತೆ ಇರುತ್ತಾರೆ. ತಡದ ಬಾಗಿಲಿನ ಹಿಂದೆ ಬೆಳೆದ ಹೆಣ್ಣು, ಹೋದ ಮನೆಯ ಬಾಗಿಲಿಗೂ ತಡ ತರುತ್ತಾಳೆ ಎಂದು ಒಂದು ನಂಬಿಕೆ ಇದೆ. ಹಾಗೆ ಆದದ್ದನ್ನು ಯಾರೂ ಅಳೆದು ನೋಡಿಲ್ಲ. ಇದೆಲ್ಲ ನನಗೂ ಗೊತ್ತಿತ್ತು. ಆದರೆ ಮೂರು ನಿಮಿಷದ ಮನೆಯವಳಿಗೆ ಅದರಲ್ಲಿ ಅಂಥ ತೊಂದರೆ ಏನೂ ಕಾಣಲಿಲ್ಲ. ಹೆಸರು ಬೇಡ, ಮನೆಯ ನಂಬರು ಮಾತ್ರ ಸಾಕು, ಆ ನಂಬರೂ ಈ ಕೋಣೆ ಬಿಟ್ಟು ಹೊರಗೆ ಹೋಗಬಾರದು ಎಂದು ಎಲ್ಲರಿಂದ ಮಾತು ತೆಗೆದುಕೊಂಡು ಒಪ್ಪಿದೆ.

ಊರಿನಲ್ಲಿ ಆರು ನೂರು ಮನೆ. ಎಲ್ಲವನ್ನೂ ಅಳೆಯಲು ಆಗುವುದಿಲ್ಲ. ಪುರಸಭೆಯ ನಂಬರಿನ ಪ್ರಕಾರ ಹತ್ತಕ್ಕೊಂದು ಮನೆ ಆರಿಸೋಣ, ಹತ್ತು, ಇಪ್ಪತ್ತು, ಮೂವತ್ತು ಹೀಗೆ, ಒಟ್ಟು ಅರವತ್ತು ಎಂದು ಬೋರ್ಡಿನ ಮೇಲೆ ಬರೆದೆ. ಪಿರಿಯಡ್ಡು ಮುಗಿದ ಮೇಲೆ ಕಸ್ತೂರಿ ನನ್ನ ಹಿಂದೆ ಮೆಟ್ಟಿಲವರೆಗೆ ಬಂದಳು.

"ಟೀಚರ್, ಹತ್ತರಿಂದ್ಲೇ ಶುರು ಮಾಡ್ಬೇಕಾ? ಮೂರು, ಹದಿಮೂರು ಅಂತ ಮಾಡುದ್ರೆ ಆಗಕಿಲ್ವಾ?"

"ಆಗುತ್ತೆ. ಆದರೆ ಒಂದು ಸಲ ಗೊತ್ತುಮಾಡಿದ ಮೇಲೆ ನಮಗೆ ಬೇಕಾದ ಹಾಗೆ ಬದಲಾಯಿಸಬಾರದು. ಬದಲಾಯಿಸಿದರೆ ಅದು ಮಾದರಿ ಆಗಲ್ಲ."

"ಸರಿ ಟೀಚರ್" ಎಂದು ಹೋದಳು. ಪಾಠದ ಮೇಲೆ ಆಸಕ್ತಿ ಬಂದಿದೆ ಎಂದುಕೊಂಡೆ.

ಮೊದಲು ಮಕ್ಕಳು ಮನೆಮನೆಗೆ ಹೋಗಿ ಕೇಳಿ ಚೀಟಿಗಳಲ್ಲಿ ಬರೆದುಕೊಂಡು ಬಂದರು. ಅರವತ್ತು ಚೀಟಿಗಳಲ್ಲಿ ನಲವತ್ತಮೂರರ ಮೇಲೆ 'ಇಪ್ಪತ್ತು' ಎಂದಿತ್ತು. ಉಳಿದವು ಹದಿನೈದರಿಂದ ಇಪ್ಪತ್ತೈದರ ಒಳಗೆ. ಬಹುಲಕ ಎಷ್ಟು ಎಂದರೆ ತರಗತಿ ಇಪ್ಪತ್ತು ಎಂದು ಕೂಗಿತು. ಮಧ್ಯಾಂಕ? ಇಪ್ಪತ್ತು. ಸರಾಸರಿ? ಇಪ್ಪತ್ತು. ಇಷ್ಟು ಚೆನ್ನಾಗಿ ಹೊಂದುವ ದತ್ತಾಂಶವನ್ನು ನಾನು ಪುಸ್ತಕದಲ್ಲೂ ನೋಡಿರಲಿಲ್ಲ. ಖುಷಿಯಾಗಿ ಬೋರ್ಡು ಒರೆಸುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಮಧುಕೇಶ ಕಿಸಕ್ಕನೆ ನಕ್ಕ.

"ಏನೋ ಅದು?"

"ಸುಳ್ಳು ಟೀಚರ್ ಇದೆಲ್ಲ. ನೂರಾ ಹತ್ತು ನಮ್ಮನೇದೇಯ. ನಮ್ದು ಎರಡೇ ನಿಮಿಷ. ನಮ್ಮಪ್ಪ ಇಪ್ಪತ್ತು ಅಂತ ಬರ್ಸವ್ರೆ."

"ಯಾಕೆ?"

"ಬೇಗದ ಮನೆ ಅಂತ ಗೊತ್ತಾದ್ರೆ ನೀರಿನ ವಾಲು ತಿರುಗ್ಸೋ ಸರದಿ ಹಾಕ್ತಾರೆ. ಪೇಪರ್ ಕಟ್ಟು ಇಳ್ಸು ಅಂತಾರೆ. ಯಾರಿಗ್ ಬೇಕು?"

ಬೇಗದ ಮನೆಯವರು ಕೆಲಸ ತಪ್ಪಿಸಿಕೊಳ್ಳಲು ಇಪ್ಪತ್ತು ಎನ್ನುತ್ತಾರೆ. ತಡದ ಮನೆಯವರು ಮಾನ ಉಳಿಸಿಕೊಳ್ಳಲು ಇಪ್ಪತ್ತು ಎನ್ನುತ್ತಾರೆ. ಕಲ್ಲಿನ ಮೇಲಿನ ಸಂಖ್ಯೆಯನ್ನೇ ಊರೆಲ್ಲ ಮತ್ತೆ ನಮಗೆ ಬರೆದುಕೊಟ್ಟಿತ್ತು. ನಾನು ಚೀಟಿಗಳನ್ನು ಡಬ್ಬಿಗೆ ಹಾಕಿ ಮುಚ್ಚಿದೆ. "ಕೇಳಿದ್ದು ಸಾಕು, ಈಗ ನೋಡೋಣ" ಎಂದೆ.

ನೋಡಬೇಕೆಂದರೆ ನೋಡುವವರು ಮೊದಲು ಹೊರಗಿರಬೇಕು. ಐದು ನಿಮಿಷದೊಳಗೆ ಬಾಗಿಲು ತೆರೆಯುವ ಮಕ್ಕಳು ಯಾರು ಎಂದು ಕೇಳಿದೆ. ಮೊದಲು ಯಾರೂ ಏಳಲಿಲ್ಲ. ಮಧುಕೇಶ ಎದ್ದ. ಜಬೀನಾ ಎದ್ದಳು. ಒಬ್ಬೊಬ್ಬರಾಗಿ ಒಂಬತ್ತು ಮಂದಿಯಾದರು. ಒಬ್ಬೊಬ್ಬರಿಗೆ ಅವರವರ ಬೀದಿಯ ಸುತ್ತಿನ ಮನೆಗಳನ್ನು ಹಂಚಿದೆ, ದಿನಕ್ಕೆ ಒಂದು. ದೊಡ್ಡವರ ಕೈಗಡಿಯಾರಗಳನ್ನು ಕಟ್ಟಿಕೊಂಡು ಏಳು ದಿನ ಬೆಳಗ್ಗೆ ಅವರು ಬೀದಿಗಳಲ್ಲಿ ನಿಂತರು. ತಾವು ಹೋಗುವಷ್ಟರಲ್ಲೇ ತೆರೆದಿದ್ದ ಮನೆಗಳಿಗೆ ನಿಖರವಾದ ಹೊತ್ತು ಸಿಕ್ಕುತ್ತಿರಲಿಲ್ಲ. ಅದಕ್ಕೆ ಹತ್ತು ಹತ್ತು ನಿಮಿಷದ ವರ್ಗಗಳನ್ನು ಮಾಡಿಕೊಂಡೆವು. ಸೊನ್ನೆಯಿಂದ ಹತ್ತು, ಹತ್ತರಿಂದ ಇಪ್ಪತ್ತು, ಹೀಗೆ. ವರ್ಗಾಂತರ ಯಾಕೆ ಬೇಕು ಎಂದು ನಾನು ಆ ವರ್ಷ ಪಾಠ ಮಾಡಲೇ ಇಲ್ಲ, ಅವರೇ ನನಗೆ ಹೇಳಿದರು.

ಐದನೆಯ ದಿನ ಜಬೀನಾ ತನ್ನ ಹಾಳೆಯನ್ನು ಮಡಿಸಿ ನನ್ನ ಮೇಜಿನ ಮೇಲಿಟ್ಟಳು. ಉಳಿದವರಂತೆ ಗಟ್ಟಿಯಾಗಿ ಓದಿ ಹೇಳಲಿಲ್ಲ. ಬಿಚ್ಚಿದೆ. ಮನೆ ಇನ್ನೂರ ಎಪ್ಪತ್ತು, ಏಳು ಗಂಟೆ ಐವತ್ತಮೂರು ನಿಮಿಷ. ಜಬೀನಾ ಕಿಟಕಿಯ ಕಡೆ ನೋಡುತ್ತಿದ್ದಳು. ಕಸ್ತೂರಿ ಡೆಸ್ಕಿನ ಮೇಲಿನ ಮರದ ಗಂಟನ್ನು ಉಗುರಿನಿಂದ ಕೆರೆಯುತ್ತಿದ್ದಳು. ಸ್ಟಾಫ್ ರೂಮಿಗೆ ಹೋಗಿ ದಾಖಲಾತಿ ಪುಸ್ತಕ ತೆಗೆದೆ. ಕಸ್ತೂರಿ, ತಂದೆ ಇಲ್ಲ, ತಾಯಿ ಸಣ್ಣೀರಮ್ಮ, ಮನೆ ನಂಬರು ಇನ್ನೂರ ಎಪ್ಪತ್ತು.

ಏಳೂ ಐವತ್ತಮೂರಕ್ಕೆ ಬಾಗಿಲು ತೆರೆದು ಎಂಟೂ ಎಂಟಕ್ಕೆ ಶಾಲೆಗೆ ಬರಬೇಕಾದರೆ ಓಡಬೇಕು. ನೂರಾ ಐವತ್ತು ದಿನ ಅವಳು ಓಡಿ ಬಂದಿದ್ದಳು.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವಳನ್ನು ನೀರಿನ ತೊಟ್ಟಿಯ ಹತ್ತಿರ ಕರೆದೆ. "ಯಾಕಮ್ಮ ಹೇಳಲಿಲ್ಲ ನನಗೆ?"

ಬಹಳ ಹೊತ್ತು ತಟ್ಟೆ ತೊಳೆದಳು. "ನಮ್ಮಕ್ಕನ್ನ ಕೇಳ್ಕೊಂಡ್ ಬಂದವ್ರೆ ಟೀಚರ್. ಯುಗಾದಿ ಆದ್ಮೇಲೆ ಮದುವೆ ಅಂತ ಮಾತಾಗೈತೆ. ನಮ್ದು ಹದಿನೆಂಟು ನಿಮಿಷ ಅಂತ ಹೇಳವ್ರೆ ಅವರಿಗೆ."

"ಯಾರಾದರೂ ನೆಂಟರ ಮನೆಯಲ್ಲಿ ರಾತ್ರಿ ಮಲಗಿ ಬರಬಹುದಿತ್ತಲ್ಲ?"

"ಮಲಗಕ್ಕೆ ಹೋದ್ರೆ ಯಾಕ್ ಬಂದೆ ಅಂತ ಕೇಳಕಿಲ್ವಾ ಟೀಚರ್?"

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಹೆಸರು ಹೇಳದೆಯೇ ಅವಳನ್ನು ಉಳಿಸಬಹುದು ಎಂದು ಆಗ ನನಗೆ ಧೈರ್ಯವಿತ್ತು. ಪುರಸಭೆಯ ಸರಾಸರಿ ಹಳೆಯದು, ತಪ್ಪಾಗಿರಲೇಬೇಕು, ನಮ್ಮ ಅಳತೆಯಲ್ಲಿ ಅದು ಮೂವತ್ತರ ಮೇಲೆ ಬರುತ್ತದೆ, ಬಂದರೆ ಶಾಲೆಯ ಹೊತ್ತನ್ನೇ ಮುಂದೆ ಹಾಕಿಸಬಹುದು ಎಂದುಕೊಂಡಿದ್ದೆ. ಏಳನೆಯ ದಿನ ಹಾಳೆಗಳನ್ನೆಲ್ಲ ಮನೆಗೆ ತಂದು ಸಂಜೆ ಲೆಕ್ಕಕ್ಕೆ ಕೂತೆ. ಪ್ರತಿ ವರ್ಗದ ಮಧ್ಯಬಿಂದುವಿನಿಂದ ಮನೆಗಳ ಸಂಖ್ಯೆಯನ್ನು ಗುಣಿಸಿ ಕೂಡಿಸಿದೆ. ಸಾವಿರದ ನೂರಾ ತೊಂಬತ್ತು. ಅರವತ್ತರಿಂದ ಭಾಗಿಸಿದೆ. ಹತ್ತೊಂಬತ್ತು ಪಾಯಿಂಟ್ ಎಂಟು ಮೂರು. ಇಪ್ಪತ್ತೇ.

ಆದರೂ ಮಾರನೆಯ ದಿನ ಹೆಡ್‌ಮಾಸ್ಟರ ಕೋಣೆಗೆ ಹೋದೆ. ಚನ್ನವೀರಯ್ಯನವರು ಕೆಟ್ಟವರಲ್ಲ. ನಮೂನೆಗಳ ನಡುವೆ ಬದುಕುವ ಮನುಷ್ಯ. ನನ್ನ ಹಾಳೆ ನೋಡಿ ಅವರಿಗೆ ಸಂತೋಷವೇ ಆಯಿತು.

"ಭೇಷ್ ಕಣಮ್ಮ. ಕಲ್ಲಿನ ಮೇಲೆ ಇರೋದೇ ಬಂತಲ್ಲ. ಮಕ್ಕಳ ಕೈಲಿ ಇಷ್ಟು ಸರಿಯಾಗಿ ಮಾಡ್ಸಿದೀರಲ್ಲ."

"ಸಾರ್, ಕೆಲವು ಮಕ್ಕಳಿಗೆ ಇದರಿಂದ ತೊಂದರೆ ಆಗ್ತಿದೆ ಅನ್ಸುತ್ತೆ."

"ಸರಾಸರಿ ಸರಿಯಾಗಿದೆ ಅಂದ್ಮೇಲೆ ನಿಯಮ ಹೇಗೆ ತಪ್ಪಾಗುತ್ತೆ? ನೀವೇ ಗಣಿತದವರು, ನೀವೇ ಹೇಳಿ."

ಹಾಳೆ ಹಿಡಿದುಕೊಂಡು ತರಗತಿಗೆ ಬಂದೆ. ಬರಿಗೈಯಲ್ಲಿ ಬಂದ ಹಾಗಿತ್ತು. ಉಳಿದದ್ದು ಸ್ತಂಭಾಲೇಖ ಒಂದೇ. ಅದನ್ನಾದರೂ ಮುಗಿಸೋಣ ಎಂದು, ಗೆರೆ ನೇರವಾಗಿ ಎಳೆಯುವವರು ಯಾರು ಎಂದು ಕೇಳಿದೆ. ಮಕ್ಕಳು ಕಸ್ತೂರಿಯನ್ನು ಎಬ್ಬಿಸಿದರು. ಅವಳ ಅಮ್ಮ, ಅಕ್ಕ ಇಬ್ಬರೂ ಅವಲಕ್ಕಿ ಮಿಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು, ಮಿಲ್ಲಿನ ಚೀಲಗಳ ಮೇಲೆ ಹೆಸರು ಬರೆಯುವ ಕೆಲಸವನ್ನು ರಜೆಯಲ್ಲಿ ಕಸ್ತೂರಿಯೇ ಮಾಡುತ್ತಿದ್ದಳಂತೆ. ಅದು ನನಗೆ ಅವತ್ತೇ ಗೊತ್ತಾಗಿದ್ದು.

ಜಬೀನಾ ಓದಿದಳು, ಕಸ್ತೂರಿ ಎಳೆದಳು. ಸೊನ್ನೆಯಿಂದ ಹತ್ತು ನಿಮಿಷ, ಮೂವತ್ತೊಂದು ಮನೆ. ಆ ಕಂಬ ಬೋರ್ಡಿನ ಮೇಲಂಚಿಗೆ ಮುಟ್ಟಿತು, ಅವಳು ಕುರ್ಚಿಯ ಮೇಲೆ ಹತ್ತಬೇಕಾಯಿತು. ಹತ್ತರಿಂದ ಇಪ್ಪತ್ತು, ಹನ್ನೊಂದು ಮನೆ. ಇಪ್ಪತ್ತರಿಂದ ಮೂವತ್ತು.

"ಸೊನ್ನೆ" ಎಂದಳು ಜಬೀನಾ.

ಕಸ್ತೂರಿಯ ಸೀಮೆಸುಣ್ಣ ನಿಂತಿತು. "ಟೀಚರ್, ಸೊನ್ನೆ ಇದ್ರೆ ಜಾಗ ಬಿಡ್ಬೇಕಾ, ಪಕ್ಕಕ್ಕೆ ಎಳ್ಕೊಂಡ್ಬಿಡ್ಲಾ?"

"ಜಾಗ ಬಿಡು."

ಬಿಟ್ಟಳು. ಮೂವತ್ತರಿಂದ ನಲವತ್ತು, ಮೂರು. ನಲವತ್ತರಿಂದ ಐವತ್ತು, ಆರು. ಐವತ್ತರಿಂದ ಅರವತ್ತು, ಒಂಬತ್ತು. ಕೊನೆಯ ಕಂಬವನ್ನೂ ನೇರವಾಗಿ ಎಳೆದಳು. ಬಣ್ಣ ತುಂಬಿ, ಹಿಂದಕ್ಕೆ ಸರಿದು ನಿಂತು ನೋಡಿದಳು. ಆಮೇಲೆ ತನಗೆ ತಾನೇ ಹೇಳಿಕೊಂಡಂತೆ ಹೇಳಿದಳು.

"ಇಪ್ಪತ್ತನೇ ನಿಮಿಷಕ್ಕೆ ಬಾಗಿಲು ತೆಗಿಯೋ ಮನೆ ಒಂದೂ ಇಲ್ವಲ್ಲ."

ಮಧುಕೇಶ ಎದ್ದು ನಿಂತ. "ಔದಲ್ಲ! ಮತ್ತೆ ಆ ಇಪ್ಪತ್ತು ಯಾರ್ ಮನೇದು?"

ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ಹನ್ನೊಂದು ವರ್ಷ ಸರಾಸರಿಯ ಪಾಠ ಮಾಡಿದವಳು, ರಾತ್ರಿ ಕೂತು ಗುಣಿಸಿ ಭಾಗಿಸಿ ಒಂದು ಸಂಖ್ಯೆ ತೆಗೆದು ಅದನ್ನೇ ಹಿಡಿದುಕೊಂಡು ಹೋಗಿದ್ದೆ. ಮನೆಗಳು ಎಲ್ಲಿವೆ ಎಂದು ಬಿಡಿಸಿ ನೋಡಿರಲೇ ಇಲ್ಲ. ಒಂದು ಗುಂಪು ಇಪ್ಪತ್ತರ ಈಚೆಗಿದೆ, ಒಂದು ಗುಂಪು ಮೂವತ್ತರ ಆಚೆಗಿದೆ. ನಡುವೆ ಯಾರೂ ವಾಸವಿಲ್ಲದ ಜಾಗಕ್ಕೆ ನಾವು ಗೇಟು ಹಾಕಿದ್ದೆವು.

ಬೋರ್ಡು ಒರೆಸಬೇಡಿ ಎಂದು ಹೇಳಿ ಹೆಡ್‌ಮಾಸ್ಟರನ್ನು ಕರೆದುಕೊಂಡು ಬಂದೆ. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ನೋಡಿದರು. ಖಾಲಿ ಜಾಗದ ಮೇಲೆ ಬೆರಳಿಟ್ಟರು.

"ಇಲ್ಲಿ ಯಾಕೆ ಏನೂ ಇಲ್ಲ?"

"ಅಲ್ಲಿ ಯಾವ ಮನೇನೂ ಇಲ್ಲ ಸಾರ್" ಎಂದಳು ಜಬೀನಾ.

ಅವರು ಬಲಗಡೆಯ ಮೂರು ಕಂಬಗಳನ್ನು ಕೂಡಿಸಿದರು. "ಹದಿನೆಂಟು. ಅರವತ್ತರಲ್ಲಿ ಹದಿನೆಂಟು ಅಂದ್ರೆ ನೂರಕ್ಕೆ ಮೂವತ್ತು." ಆಮೇಲೆ ನನ್ನ ಕಡೆ ತಿರುಗಿದರು. "ಯಾವ್ಯಾವ ಮನೆ? ಪಟ್ಟಿ ಕೊಡಿ."

"ಕೊಡಕ್ಕಾಗಲ್ಲ ಸಾರ್. ಮಾತು ಕೊಟ್ಟಿದೀವಿ."

"ಹೆಸರಿಲ್ದೆ ನಾನು ಯಾರ ಹಾಜರಿ ತಿದ್ದಲಮ್ಮ? ಮುಂದಿನ ಜೂನ್‌ಗೆ ಗೇಟನ್ನ ಎಂಟೂವರೆಗೆ ಮಾಡಬಹುದು, ಅದು ನನ್ನ ಕೈಲಿದೆ. ಈ ವರ್ಷದ ಹಾಜರಿ ತಿದ್ದಬೇಕು ಅಂದ್ರೆ ಮಂಡಳಿಯವರು ಕಾರಣ ಕೇಳ್ತಾರೆ. ಮನೆಯವರು ನಮ್ಮ ಬಾಗಿಲು ಇಷ್ಟಕ್ಕೆ ತೆಗೆಯುತ್ತೆ ಅಂತ ಬರೆದು ಸಹಿ ಹಾಕಬೇಕು. ಪುರಸಭೆಯವರು ಬಂದು ನೋಡಿ ಸೀಲು ಹಾಕಬೇಕು. ಹದಿನೈದು ದಿನ ಟೈಮಿದೆ."

ಪುರಸಭೆಯ ಸೀಲು ಎಂದರೆ ಊರಿಗೆಲ್ಲ ಗೊತ್ತಾದ ಹಾಗೆ. ಮಕ್ಕಳು ಯಾರ ಮುಖವನ್ನೂ ಯಾರೂ ನೋಡದೆ ಕೂತಿದ್ದರು.

ನಾಲ್ಕು ದಿನ ಬಿಟ್ಟು ಸಂಜೆ ಕಸ್ತೂರಿಯ ಮನೆಗೆ ಹೋದೆ. ಅವಳು ಕರೆದಿರಲಿಲ್ಲ, ನಾನೇ ಹೋದೆ. ಚಿಕ್ಕ ಮನೆ, ಗೋಡೆಗೆ ಒರಗಿಸಿದ ಎರಡು ಅವಲಕ್ಕಿ ಚೀಲ. ಸಣ್ಣೀರಮ್ಮ ಮಣೆ ಹಾಕಿ ಕೂರಿಸಿದರು. ಬಂದ ವಿಷಯ ಅವರಿಗೆ ಗೊತ್ತಿತ್ತು.

"ನೀವು ಏಳೋದು ನಂಗೆ ಅರ್ಥ ಆಯ್ತದೆ ಕಣವ್ವ" ಎಂದರು. "ಚಿಕ್ಕೋಳಿಗೆ ಪರೀಕ್ಸೆ. ದೊಡ್ಡೋಳಿಗೆ ಮದುವೆ. ಎರಡರಲ್ಲಿ ಯಾವ್ದನ್ನ ಅಂತ ಬಿಡ್ಲಿ? ನಿಮ್ಗೆ ಇಬ್ರು ಎಣ್ಮಕ್ಳಿದ್ರೆ ಏನ್ ಮಾಡ್ತಿದ್ರಿ?"

"ಗೊತ್ತಿಲ್ಲಮ್ಮ" ಎಂದೆ. "ಬರೆದುಕೊಡಿ ಅಂತ ಹೇಳಕ್ಕೆ ಬಂದಿಲ್ಲ. ತಪ್ಪು ನನ್ನದು ಅಂತ ಹೇಳಕ್ಕೆ ಬಂದೆ. ಒಂದು ದಿನ ಬಂದು ಈ ಬಾಗಿಲ ಮುಂದೆ ನಿಂತಿದ್ದರೆ ಸಾಕಾಗಿತ್ತು."

ಒಳಗಿನಿಂದ ಅಕ್ಕ ರೇಣುಕ ಕೈ ಒರೆಸಿಕೊಳ್ಳುತ್ತಾ ಬಂದಳು. ಇಪ್ಪತ್ತೊಂದು ಇಪ್ಪತ್ತೆರಡು ವಯಸ್ಸಿರಬಹುದು. ತಂಗಿಯ ಶಾಲೆಯ ಚೀಲದಿಂದ ನೋಟ್‌ಬುಕ್ ಎಳೆದು ಒಂದು ಹಾಳೆ ಹರಿದು ಅಮ್ಮನ ಮುಂದಿಟ್ಟಳು.

"ಬರ್ದುಕೊಡವ್ವ."

"ಸುಮ್ಕಿರು ನೀನು."

"ಮದುವೆ ಆಗಿ ಓದ್ಮೇಲೆ ಅವ್ರಿಗೆ ಗೊತ್ತಾಗಕಿಲ್ವಾ? ಅಬ್ಬಕ್ಕೆ ಬಂದು ಒಂದಿನ ಮಲಗುದ್ರೆ ಸಾಕು. ಆಮೇಲೆ ನಾನು ದಿನಾ ಅದನ್ನ ಕೇಳ್ಕೊಂಡು ಬದುಕ್ಬೇಕು. ಇವಳು ಓಡಿ ಓಡಿ ಒಂದ್ ವರ್ಸದಿಂದ ಎರಡು ಜೊತೆ ಚಪ್ಪಲಿ ಕಿತ್ತೋಗವೆ. ಬರಿ."

ಸಣ್ಣೀರಮ್ಮನಿಗೆ ಬರೆಯಲು ಬರುತ್ತಿರಲಿಲ್ಲ. ರೇಣುಕಳೇ ಬರೆದಳು. 'ನಮ್ಮ ಮನೆಯ ಬಾಗಿಲು ಐವತ್ತಮೂರು ನಿಮಿಷಕ್ಕೆ ತೆರೆಯುತ್ತದೆ.' ಅಷ್ಟೇ. ಅಮ್ಮ ಹೆಬ್ಬೆಟ್ಟು ಒತ್ತಿದರು. ಕಸ್ತೂರಿ ಇಡೀ ಹೊತ್ತು ಚೀಲಗಳ ಹಿಂದೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ನಾನು ಹೊರಡುವಾಗಲೂ ತಿರುಗಲಿಲ್ಲ.

ಪುರಸಭೆಯ ಗುಮಾಸ್ತ ಬಂದು ನೋಡಿ ಸೀಲು ಹಾಕಿದ ನಾಲ್ಕನೆಯ ದಿನಕ್ಕೆ ಗಂಡಿನ ಕಡೆಯವರು ಜಾತಕ ವಾಪಸು ಕಳಿಸಿದರು. ಕಾರಣ ಹೇಳಲಿಲ್ಲ. ರೇಣುಕ ಎರಡು ದಿನ ಮಿಲ್ಲಿಗೆ ಹೋಗಲಿಲ್ಲ, ಮೂರನೆಯ ದಿನ ಹೋದಳು ಎಂದು ಜಬೀನಾ ಹೇಳಿದಳು. ಆಮೇಲೆ ಒಂದು ಸಲ ರೇಣುಕ ಸಂತೆಯಲ್ಲಿ ಸಿಕ್ಕಳು. ಅವಳೇ ಹೇಳಿದಳು. "ಅವ್ರ ಮನೇದು ಎಷ್ಟು ಅಂತ ನಾವೂ ಕೇಳಿರ್ಲಿಲ್ಲ ಬಿಡಿ ಟೀಚರ್." ನಗಲು ನೋಡಿದಳು, ಆಗಲಿಲ್ಲ. ಸೊಪ್ಪು ಆರಿಸಿಕೊಂಡು ಹೋದಳು. ಈಗಲೂ ಅವಳಿಗೆ ಮದುವೆ ಆಗಿಲ್ಲ. ಮಿಲ್ಲಿನಲ್ಲಿ ತೂಕದ ಕೆಲಸ ನೋಡಿಕೊಳ್ಳುತ್ತಾಳೆ.

ಅದೇ ತರಗತಿಯಲ್ಲಿ ಇನ್ನೂ ಮೂವರು ತಡದ ಮಕ್ಕಳಿದ್ದರು. ಇಬ್ಬರ ಮನೆಯವರು ಬರೆದುಕೊಟ್ಟರು. ಒಬ್ಬನ ಅಪ್ಪ ಶಾಲೆಯ ಅಂಗಳದಲ್ಲಿ ನಿಂತು, ನನ್ನ ಬಾಗಿಲು ನನ್ನಿಷ್ಟ, ಅದಕ್ಕೆ ಸೀಲು ಹಾಕಲು ನೀವು ಯಾರು ಎಂದು ಕೂಗಾಡಿ ಹೋದ. ಅವನ ಮಗನಿಗೆ ಆ ವರ್ಷ ಹಾಲ್ ಟಿಕೆಟ್ ಬರಲಿಲ್ಲ. ನಾನು ಎರಡು ಸಲ ಹೋಗಿ ಕೇಳಿಕೊಂಡೆ. ಎರಡು ಸಲವೂ ನೀರು ಕೊಟ್ಟು ಕಳಿಸಿದರು.

ಕಸ್ತೂರಿ ಪರೀಕ್ಷೆ ಬರೆದಳು. ಗಣಿತದಲ್ಲಿ ಎಪ್ಪತ್ತೊಂದು ಬಂತು. ಒಂದು ಆವೃತ್ತಿ ಪಟ್ಟಿ ಕೊಟ್ಟು ಸರಾಸರಿ ಕಂಡುಹಿಡಿಯಿರಿ ಎಂದು ಕೇಳಿದ್ದರು. ಅವಳು ಕಂಡುಹಿಡಿದು, ಕೆಳಗೆ ಯಾರೂ ಕೇಳದಿದ್ದ ಒಂದು ಸ್ತಂಭಾಲೇಖವನ್ನೂ ಎಳೆದು ಬಂದಳಂತೆ. "ಹೊತ್ತಿತ್ತು ಟೀಚರ್, ಅದಕ್ಕೆ" ಎಂದಳು.

ಬೇಸಿಗೆ ರಜೆ ಶುರುವಾಯಿತು. ನಾನು ಸ್ಟಾಫ್ ರೂಮಿನ ಬೀರುವಿನಿಂದ ನನ್ನ ಕೈಯಲ್ಲಿ ತುಂಬಿದ ಹಳೆಯ ಹಾಜರಿ ಪುಸ್ತಕಗಳನ್ನು ಇಳಿಸಿದೆ. ಅದಕ್ಕೂ ಹಿಂದಿನ ಹತ್ತು ವರ್ಷಗಳಲ್ಲಿ ಹಾಜರಿ ಸಾಲದೆ ಪರೀಕ್ಷೆಗೆ ಕೂರದವರು ಹತ್ತೊಂಬತ್ತು ಮಂದಿ. ದಾಖಲಾತಿಯಿಂದ ಅವರ ಮನೆ ನಂಬರು ತೆಗೆದುಕೊಂಡು, ದಿನಕ್ಕೊಂದರಂತೆ ಬೆಳಗ್ಗೆ ಏಳೂ ಕಾಲಿಗೆ ಹೋಗಿ ಆ ಮನೆಗಳ ಎದುರು ನಿಂತು ಗಡಿಯಾರ ನೋಡಿದೆ. ಇಬ್ಬರ ಮನೆ ಈಗ ಇಲ್ಲ. ಒಬ್ಬನದು ನಾಲ್ಕನೇ ನಿಮಿಷಕ್ಕೇ ತೆರೆಯುತ್ತದೆ ಎಂದು ಪಕ್ಕದವರು ಹೇಳಿದರು, ಅವನು ಸುಮ್ಮನೆ ಶಾಲೆಗೆ ಬರದವನು. ಉಳಿದ ಹದಿನಾರು ಮನೆಗಳೂ ಬಲಗಡೆಯ ಮೂರು ಕಂಬಗಳಿಗೆ ಸೇರಿದವು. ಆ ಹಾಳೆಯನ್ನು ಮಡಿಸಿಟ್ಟುಕೊಂಡು ಇನ್ನೊಂದು ವಾರ ಸುಮ್ಮನಿದ್ದೆ. ಆಮೇಲೆ ಒಂದು ಬೆಳಗ್ಗೆ, ಖಾಸಗಿಯಾಗಿ ಪರೀಕ್ಷೆ ಕಟ್ಟುವ ಅರ್ಜಿಗಳನ್ನು ಚೀಲಕ್ಕೆ ಹಾಕಿಕೊಂಡು, ಪಟ್ಟಿಯ ಮೊದಲ ಹೆಸರಿನ ಮನೆಗೆ ಹೊರಟೆ.

ಸುಕನ್ಯಾ. ಆರು ವರ್ಷದ ಹಿಂದಿನ ಹುಡುಗಿ. ಮುಖ ನೆನಪಾಗಲಿಲ್ಲ, ಕೆಂಪು ಅಕ್ಷರಗಳ ಸಾಲು ನೆನಪಾಯಿತು. ತಾಯಿಯ ಮನೆಯಲ್ಲೇ ಇದ್ದಾಳೆ, ಗಂಡ ಲಾರಿ ಓಡಿಸುತ್ತಾನೆ ಎಂದು ವಿಚಾರಿಸಿಕೊಂಡಿದ್ದೆ. ನಾನು ಹೋದಾಗ ಏಳೂ ಮೂವತ್ತೇಳು. ಬಾಗಿಲು ಮುಚ್ಚಿತ್ತು. ಕಿಟಕಿಯ ಸರಳಿನ ಹಿಂದೆ ಒಬ್ಬಳು ಹುರುಳಿಕಾಯಿ ಮುರಿಯುತ್ತಾ ಕೂತಿದ್ದಳು, ಮಡಿಲಲ್ಲಿ ಒಂದು ಕೂಸು. ನನ್ನನ್ನು ನೋಡಿ ಕೈ ನಿಲ್ಲಿಸಿದಳು.

"ವಾರಿಜಾ ಟೀಚರ್ ಅಲ್ವಾ?"

"ಹೌದಮ್ಮ."

"ಯಾರ್ನ ನೋಡಕ್ಕೆ ಬಂದ್ರಿ?"

"ನಿನ್ನನ್ನೇ."

ಮತ್ತೆ ಒಂದೆರಡು ಕಾಯಿ ಮುರಿದಳು. ನಾನು ಎಲ್ಲ ಹೇಳಿದೆ. ಅಳತೆ, ಕಂಬಗಳು, ಖಾಲಿ ಜಾಗ, ಹಳೆಯ ಪುಸ್ತಕಗಳು. ನಾನು ಬರೆದದ್ದು ತಪ್ಪಾಗಿತ್ತು ಎಂದೂ ಹೇಳಿದೆ. ಪಾಠ ನಾನೇ ಹೇಳಿಕೊಡುತ್ತೇನೆ, ಅರ್ಜಿ ತಂದಿದ್ದೇನೆ ಎಂದೆ. ಬೀದಿಯಲ್ಲಿ ನಿಂತು ಕಿಟಕಿಯ ಜೊತೆ ಮಾತಾಡುವವಳನ್ನು ಹೋಗುವವರು ನೋಡಿಕೊಂಡು ಹೋದರು.

ಅವಳು ಸಿಟ್ಟಾಗಲಿಲ್ಲ. ಅಳಲೂ ಇಲ್ಲ. ಕೂಸಿನ ಬಾಯಿಂದ ಒಂದು ಹುರುಳಿಕಾಯಿ ಕಿತ್ತುಕೊಂಡಳು. "ನೀವು ಯಾವತ್ತೂ ಒಡೀಲಿಲ್ಲ ಟೀಚರ್" ಎಂದಳು. "ಜೋರಾಗಿ ಬೈಲೂ ಇಲ್ಲ. ಬರ್ಕೊಂಡ್ರಿ, ಅಷ್ಟೇಯ."

"ಹೌದು" ಎಂದೆ.

"ನಮ್ದು ನಲವತ್ತೆಂಟು. ಇನ್ನೂ ಒತ್ತೈತೆ. ಓಗ್ಬಿಟ್ಟು ಆಮೇಲೆ ಬತ್ತೀರಾ?"

"ಇಲ್ಲ. ನಿಂತಿರ್ತೀನಿ."

ಅರ್ಜಿಯನ್ನು ಸರಳಿನ ನಡುವೆ ಒಳಗೆ ಕೊಟ್ಟೆ. ಅವಳು ತೆಗೆದುಕೊಂಡಳು, ಓದಲಿಲ್ಲ, ಮೊರದ ಅಂಚಿನ ಕೆಳಗೆ ಇಟ್ಟಳು.

"ಏನಂತೀಯಮ್ಮ?" ಎಂದು ಕೇಳಿದೆ.

"ಬಾಗ್ಲು ತೆಗೀಲಿ ಟೀಚರ್" ಎಂದಳು ಸುಕನ್ಯಾ. "ಏನು ಅಂತ ಆಮೇಲೆ ಏಳ್ತೀನಿ."

ಚೀಲವನ್ನು ಕೆಳಗಿಟ್ಟು ಅವಳ ಬಾಗಿಲಿನ ಎದುರು ಹೋಗಿ ನಿಂತೆ.